ಕೊಸರು ಹೋಗಿ ಕಡಿತ ಬಂತು

ಕೋಲಾರದ ತರಕಾರಿ ಮಾರುಕಟ್ಟೆಯಲ್ಲಿ ವ್ಯಾಪಾರ ಮುಗಿಯುವ ಹೊತ್ತಿಗೆ ಒಂದು ಮಾತು ತಾನಾಗಿ ಬಾಯಿಗೆ ಬರುತ್ತದೆ: ‘ಒಂಚೂರು ಕೊಸರು ಹಾಕಮ್ಮ.’ ದಂಟಿನ ಸೊಪ್ಪು ಎರಡು ಕಟ್ಟು ಕೊಂಡರೆ ಮೇಲೆ ನಾಲ್ಕು ಎಸಳು ಕೊತ್ತಂಬರಿ ಬೀಳುತ್ತದೆ. ಕಾಲು ಕೆ.ಜಿ. ಹಸಿಮೆಣಸಿನಕಾಯಿ ತೂಗಿ ತಕ್ಕಡಿ ಸಮ ನಿಂತ ಮೇಲೂ ಒಂದು ಹಿಡಿ ಕಾಯಿ ಚೀಲಕ್ಕೆ ಹೋಗುತ್ತದೆ. ಹೂ ಮಾರುವ ಅಜ್ಜಿ ಮೊಳ ಹಾಕುವಾಗ ನಡುಬೆರಳ ತುದಿಗೇ ಕತ್ತರಿಸುವುದಿಲ್ಲ, ಇನ್ನೂ ನಾಲ್ಕು ಮೊಗ್ಗು ದಾಟಿಸಿ ದಾರ ಹರಿಯುತ್ತಾರೆ. ಗಿರಾಕಿ ಖಾಯಮ್ಮಿನವರಾದರೆ ಕೇಳುವುದೂ ಬೇಕಿಲ್ಲ. ಈ ಕೊಸರು ಕಣ್ಣೆದುರಿಗೇ ಬೀಳುತ್ತದೆ, ಅದೇ ಗಳಿಗೆಯಲ್ಲಿ ಕೈಗೆ ಸಿಗುತ್ತದೆ, ಮಾರನೆಯ ದಿನ ಅದರ ಹೆಸರಿನಲ್ಲಿ ದುಡ್ಡು ಕೇಳಲು ಯಾರೂ ಮನೆಗೆ ಬರುವುದಿಲ್ಲ.

ಮಾರುಕಟ್ಟೆಯಿಂದ ಹೊರಗೆ ಬಂದು ರಸ್ತೆ ದಾಟಿದರೆ ಲೆಕ್ಕ ತಿರುವುಮುರುವಾಗುತ್ತದೆ. ಬ್ಯಾಂಕು, ಮೊಬೈಲ್ ಅಂಗಡಿ, ಒಡವೆ ಅಂಗಡಿ, ಫೈನಾನ್ಸ್ ಕಚೇರಿ ಎಲ್ಲ ಕಡೆಯೂ ಕೊಸರಿನ ಬೋರ್ಡು ದೊಡ್ಡದಾಗಿದೆ. ಉಡುಗೊರೆ, ಪಾಯಿಂಟ್, ಕ್ಯಾಷ್‌ಬ್ಯಾಕ್, ಬೋನಸ್ ಕಂತು. ಇವೆಲ್ಲ ಹೊಸಬರನ್ನು ಒಳಗೆ ಕರೆಯಲು. ಒಳಗೆ ಬಂದು ವರ್ಷಗಟ್ಟಲೆ ಉಳಿದವರಿಗೆ ಸಿಗುವುದು ಕಡಿತ, ಅದೂ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನ ಮೂರಕ್ಷರದ ಸಂಕೇತದಲ್ಲಿ. ನಂಬಿ ಉಳಿದವರಿಂದ ವಸೂಲು ಮಾಡಿ ಹೊಸಬರಿಗೆ ಹಂಚುವ ಈ ಏರ್ಪಾಡು ಎಷ್ಟು ಕಡೆ ಹರಡಿದೆ, ಕಾನೂನು ಅದನ್ನು ಎಲ್ಲಿ ಹಿಡಿದಿದೆ, ಎಲ್ಲಿ ಕೈಬಿಟ್ಟಿದೆ ಎಂಬುದನ್ನು ಕೋಲಾರ ಜಿಲ್ಲೆಯ ನೆಲದಲ್ಲೇ ನಿಂತು ನೋಡಬಹುದು.

ಮೊದಲು ಪಾಸ್‌ಬುಕ್. ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ ಬ್ಯಾಂಕಿನ ಎಂಟ್ರಿ ಯಂತ್ರದ ಮುಂದೆ ನಿಂತವರ ಕೈಯಲ್ಲಿನ ಪುಸ್ತಕದ ಒಂದು ಪುಟ ಬಿಡಿಸಿ ನೋಡಿದರೆ ಸಾಕು. ಹಾಲಿನ ಬಟವಾಡೆ ಬಂದಿದೆ, ಗೃಹಲಕ್ಷ್ಮಿಯ ₹2,000 ಬಂದಿದೆ. ಅವುಗಳ ನಡುವೆ ಸಣ್ಣ ಸಣ್ಣ ಸಾಲುಗಳು: ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್ ಚಾರ್ಜು, ವರ್ಷಕ್ಕೊಮ್ಮೆ ಎಟಿಎಂ ಕಾರ್ಡಿನ ‘ಎಎಂಸಿ’, ಅದರ ಮೇಲೆ ಶೇ 18 ಜಿಎಸ್‌ಟಿ, ಮೇ ತಿಂಗಳ ಕೊನೆಯಲ್ಲಿ ₹20 ಮತ್ತು ₹436. ಇವುಗಳಲ್ಲಿ ಯಾವುದಕ್ಕೆ ತಾವು ಒಪ್ಪಿದ್ದು ಎಂದು ಖಾತೆದಾರರನ್ನು ಕೇಳಿದರೆ ಬಹುಪಾಲು ಮಂದಿ ತಲೆ ಅಲ್ಲಾಡಿಸುತ್ತಾರೆ.

ಆ ಕೊನೆಯ ಎರಡು ಮೊತ್ತದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ₹20 ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯದು, ₹436 ಜೀವನ ಜ್ಯೋತಿ ಬಿಮಾ ಯೋಜನೆಯದು. 2022ರ ಜೂನ್ 1ಕ್ಕೆ ಮುಂಚೆ ಇವು ₹12 ಮತ್ತು ₹330 ಇದ್ದವು. ಎರಡೂ ಒಳ್ಳೆಯ ಯೋಜನೆಗಳೇ. ಒಂದು ಅಪಘಾತದಲ್ಲಿ ಸತ್ತರೆ ₹2 ಲಕ್ಷ ಕೊಡುತ್ತದೆ, ಇನ್ನೊಂದು ಯಾವ ಕಾರಣದಿಂದ ಸತ್ತರೂ ₹2 ಲಕ್ಷ. ಖಾತೆದಾರರು ಬರೆದುಕೊಟ್ಟ ಒಪ್ಪಿಗೆಯ ಮೇಲೆ ಮಾತ್ರ ಕಂತು ಕಡಿತವಾಗಬೇಕು ಎಂಬುದು ನಿಯಮ. ಖಾತೆ ತೆರೆಯುವಾಗ ಹತ್ತು ಕಾಗದದ ನಡುವೆ ಈ ಒಂದಕ್ಕೂ ಹೆಬ್ಬೆಟ್ಟು ಒತ್ತಿಸಿಕೊಂಡರೆ ನಷ್ಟ ₹436ಕ್ಕೆ ನಿಲ್ಲುವುದಿಲ್ಲ. ಮನೆಯ ಯಜಮಾನ ತೀರಿಕೊಂಡಾಗ ಹೆಂಡತಿ ಮಕ್ಕಳಿಗೆ ಹಾಗೊಂದು ವಿಮೆ ಇತ್ತೆಂಬುದೇ ತಿಳಿದಿರುವುದಿಲ್ಲ. ತಿಳಿಯದ ವಿಮೆಗೆ ಕ್ಲೇಮು ಹಾಕುವವರು ಯಾರು? ಕಂತು ಹೋಗಿರುತ್ತದೆ, ಪರಿಹಾರ ಬರುವುದಿಲ್ಲ. ಹೇಳದೆ ಮಾಡಿದ ಕಡಿತ ಒಂದೇ ಮನೆಯನ್ನು ಎರಡು ಸಲ ಹೊಡೆಯುವುದು ಹೀಗೆ.

ಕನಿಷ್ಠ ಬಾಕಿಯ ದಂಡದ ಕಥೆ ಇದಕ್ಕಿಂತ ದೊಡ್ಡದು, ಹಳೇ ಮೈಸೂರು ಸೀಮೆಗೆ ಹತ್ತಿರದ್ದೂ ಹೌದು. 1913ರಲ್ಲಿ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಹುಟ್ಟಿದ ಮೈಸೂರು ಬ್ಯಾಂಕು ಈ ಭಾಗದ ಜನರಿಗೆ ‘ನಮ್ಮ ಬ್ಯಾಂಕು’. ಅಪ್ಪನ ಖಾತೆ ಇದ್ದ ಶಾಖೆಯಲ್ಲೇ ಮಗನದೂ, ಮೊಮ್ಮಗನದೂ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಐದು ವರ್ಷದಿಂದ ನಿಂತಿದ್ದ ಕನಿಷ್ಠ ಬಾಕಿಯ ದಂಡವನ್ನು ಸ್ಟೇಟ್ ಬ್ಯಾಂಕು ಮತ್ತೆ ಜಾರಿಗೆ ತಂದದ್ದು ಅದೇ ದಿನ. ತಿಂಗಳ ಸರಾಸರಿ ಬಾಕಿ ಹಳ್ಳಿ ಶಾಖೆಯಲ್ಲಿ ₹1,000, ಸಣ್ಣ ಪಟ್ಟಣದಲ್ಲಿ ₹2,000, ನಗರದಲ್ಲಿ ₹3,000, ಮಹಾನಗರದಲ್ಲಿ ₹5,000 ಇರಬೇಕಿತ್ತು. ಆ ವರ್ಷದ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬ್ಯಾಂಕು ಈ ಬಾಬ್ತಿನಲ್ಲಿ ವಸೂಲು ಮಾಡಿದ್ದು ₹1,771.67 ಕೋಟಿ. ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಅದರ ನಿವ್ವಳ ಲಾಭ ₹1,581.55 ಕೋಟಿ. ಬ್ಯಾಂಕಿನ ಮೂರು ತಿಂಗಳ ಲಾಭಕ್ಕಿಂತ, ಖಾತೆಯಲ್ಲಿ ದುಡ್ಡಿಲ್ಲದವರಿಂದ ಎಂಟು ತಿಂಗಳಲ್ಲಿ ಬಂದ ದಂಡವೇ ಹೆಚ್ಚಾಗಿತ್ತು.

2020ರ ಮಾರ್ಚ್‌ನಲ್ಲಿ ಸ್ಟೇಟ್ ಬ್ಯಾಂಕು ಈ ದಂಡವನ್ನು ಕೈಬಿಟ್ಟಿತು. ಉಳಿದವು ಬಿಡಲಿಲ್ಲ. 2024ರ ಮಾರ್ಚ್‌ಗೆ ಮುಗಿದ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಹೀಗೆ ವಸೂಲು ಮಾಡಿದ್ದು ಸುಮಾರು ₹8,500 ಕೋಟಿ ಎಂದು ಕೇಂದ್ರ ಹಣಕಾಸು ಖಾತೆ ಲೋಕಸಭೆಗೆ ತಿಳಿಸಿತು. ಆ ಉತ್ತರ ಹೊರಬಿದ್ದು ಗದ್ದಲವಾದ ಮೇಲೆ, 2025ರ ಜೂನ್ 1ರಿಂದ ಕೆನರಾ ಬ್ಯಾಂಕು ಎಲ್ಲ ಉಳಿತಾಯ ಖಾತೆಗಳಿಗೂ ದಂಡ ತೆಗೆಯಿತು. ಮರುತಿಂಗಳೇ ಪಂಜಾಬ್ ನ್ಯಾಷನಲ್ ಬ್ಯಾಂಕು, ಬ್ಯಾಂಕ್ ಆಫ್ ಬರೋಡಾ, ಇಂಡಿಯನ್ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಪ್ರಶ್ನೆ ಎದ್ದ ಕಡೆ ಶುಲ್ಕ ಬಿದ್ದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ದಂಡದ ಕಾರಣದಿಂದ ಖಾತೆಯ ಬಾಕಿ ಸೊನ್ನೆಗಿಂತ ಕೆಳಗೆ ಇಳಿಯಕೂಡದು, ದಂಡಕ್ಕೆ ಮುಂಚೆ ಒಂದು ತಿಂಗಳ ಮುನ್ಸೂಚನೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ. ಎಸ್‌ಎಂಎಸ್ ಶುಲ್ಕವನ್ನು ಕಳಿಸಿದ ಸಂದೇಶದ ಲೆಕ್ಕದ ಮೇಲೆ ಹಾಕಬೇಕು, ಎಲ್ಲರ ಮೇಲೂ ಒಂದೇ ಮೊತ್ತ ಹೇರಬಾರದು ಎಂದು 2013ರಲ್ಲೇ ಸೂಚಿಸಿದೆ. ಆದರೂ ಪಾಸ್‌ಬುಕ್ಕಿನಲ್ಲಿ ಪ್ರತಿ ತ್ರೈಮಾಸಿಕಕ್ಕೂ ಅದೇ ಮೊತ್ತ ಅಚ್ಚಾಗುವ ಖಾತೆಗಳು ಎಷ್ಟೋ ಇವೆ.

ಮೊಬೈಲಿನ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಅದು ಎಲ್ಲರ ಅನುಭವ. ‘ತಿಂಗಳ ಪ್ಯಾಕ್’ ಎಂದು ಜನ ಕರೆಯುವುದು 28 ದಿನದ್ದು. ಹನ್ನೆರಡು ತಿಂಗಳಿಗೆ ಹದಿಮೂರು ರೀಚಾರ್ಜ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರ ಜನವರಿಯಲ್ಲಿ ಆದೇಶ ಹೊರಡಿಸಿ, ಪ್ರತಿ ಕಂಪನಿಯೂ 30 ದಿನದ ಪ್ಯಾಕನ್ನೂ ತಿಂಗಳ ಅದೇ ತಾರೀಖಿಗೆ ನವೀಕರಣವಾಗುವ ಪ್ಯಾಕನ್ನೂ ಇಡಲೇಬೇಕೆಂದಿತು. ಅವು ಇವೆ, ಆದರೆ ಅಂಗಡಿಯ ಗೋಡೆಯ ಮೇಲೆ ಎದ್ದು ಕಾಣುವುದು 28, 56, 84. ಕೀಪ್ಯಾಡ್ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟು ಬೇರೇನೂ ಮಾಡದ ಹಿರಿಯರು ವರ್ಷಗಟ್ಟಲೆ ಡೇಟಾಕ್ಕೆ ದುಡ್ಡು ಕಟ್ಟಿದರು. ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಬೇರೆ ಪ್ಯಾಕ್ ಇಡಬೇಕೆಂಬ ನಿಯಮ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿಯ ಹೆಸರಲ್ಲಿ ಬಾಕಿ ಕರಗಿಸುವ ಸೇವೆಗಳಿಗೆ ಮಾತ್ರ 2013ರ ಆದೇಶ ದೊಡ್ಡ ಪೆಟ್ಟು ಕೊಟ್ಟಿತು. ಗ್ರಾಹಕ ಎರಡು ಸಲ ಒಪ್ಪಿದರೆ ಮಾತ್ರ ಶುರು, 155223ಕ್ಕೆ ಕರೆ ಮಾಡಿದರೆ ಬಂದ್.

ಇನ್ನು ಚಿನ್ನ. ಈ ಜಿಲ್ಲೆಯಲ್ಲಿ ಆ ಪದಕ್ಕೆ ಬೇರೆಯೇ ತೂಕವಿದೆ. ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಕೆಜಿಎಫ್ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಆ ಊರಿನ ಜನರೂ ಇಂದು ಮಗಳ ಮದುವೆಗೆಂದು ಒಡವೆ ಅಂಗಡಿಯಲ್ಲಿ ತಿಂಗಳ ಕಂತು ಕಟ್ಟುತ್ತಾರೆ. ‘ಹನ್ನೊಂದು ಕಂತು ನಿಮ್ಮದು, ಹನ್ನೆರಡನೆಯದು ನಮ್ಮದು’ ಎಂಬ ಯೋಜನೆಯನ್ನು ಅರಿಯದ ಮನೆ ಇಲ್ಲ. ಹನ್ನೊಂದೇ ಯಾಕೆ? ವಸ್ತುವಿಗೆಂದು ಕಂಪನಿ ಪಡೆದ ಮುಂಗಡವನ್ನು 365 ದಿನದೊಳಗೆ ವಸ್ತು ಕೊಟ್ಟು ತೀರಿಸದಿದ್ದರೆ ಅದು ಠೇವಣಿಯಾಗುತ್ತದೆ, ಠೇವಣಿಯ ಕಠಿಣ ನಿಯಮಗಳು ಮೈಮೇಲೆ ಬರುತ್ತವೆ. ಹೀಗಾಗಿ 2014ರ ಕಂಪನಿ ನಿಯಮಗಳು ಬಂದ ಮೇಲೆ ಯೋಜನೆಗಳು ಹನ್ನೊಂದು ತಿಂಗಳಿಗೆ ಇಳಿದವು.

ಬೋನಸ್ ಕಂತಿನ ನಿಜವಾದ ಬೆಲೆ ಎಷ್ಟು ಎಂದು ಕಾಗದದ ಮೇಲೆ ಹಾಕಿ ನೋಡೋಣ. ತಿಂಗಳಿಗೆ ₹5,000ದಂತೆ ಹನ್ನೊಂದು ತಿಂಗಳು ಕಟ್ಟಿದರೆ ₹55,000. ಅಂಗಡಿ ₹5,000 ಸೇರಿಸಿತು, ಒಟ್ಟು ₹60,000. ಲೆಕ್ಕಕ್ಕೆ ಸುಲಭವಾಗಲೆಂದು ಗ್ರಾಂಗೆ ₹10,000 ಎಂದಿಟ್ಟುಕೊಳ್ಳಿ. ಆರಿಸಿದ ಸರದ ಮೇಲೆ ವೇಸ್ಟೇಜು, ಮೇಕಿಂಗು ಸೇರಿ ಶೇ 20, ಅದರ ಮೇಲೆ ಜಿಎಸ್‌ಟಿ ಶೇ 3. ಆಗ ಕೈಗೆ ಬರುವ ಚಿನ್ನ 4.85 ಗ್ರಾಂ. ಯಾವ ಯೋಜನೆಗೂ ಸೇರದೆ, ₹55,000ವನ್ನು ಕೈಯಲ್ಲಿ ಹಿಡಿದು ನಾಲ್ಕು ಅಂಗಡಿ ತಿರುಗಿ, ಚೌಕಾಸಿ ಮಾಡಿ ವೇಸ್ಟೇಜನ್ನು ಶೇ 12ಕ್ಕೆ ಇಳಿಸಿಕೊಂಡವರಿಗೆ ಅದೇ ದರದಲ್ಲಿ ಸಿಗುವುದು 4.77 ಗ್ರಾಂ. ಅಂತರ ಗ್ರಾಮಿನ ಹತ್ತನೆಯ ಒಂದು ಭಾಗವೂ ಇಲ್ಲ. ₹5,000ದ ಕೊಡುಗೆ ಕರಗಿ ₹870ರ ಹತ್ತಿರಕ್ಕೆ ಬಂತು. ವರ್ಷವಿಡೀ ಒಂದೇ ಅಂಗಡಿಗೆ ಕಟ್ಟಿಹಾಕಿಕೊಂಡವರು ಚೌಕಾಸಿಯ ಹಕ್ಕನ್ನು ಮೊದಲೇ ಒಪ್ಪಿಸಿಬಿಟ್ಟಿರುತ್ತಾರೆ. ಅಂಗಡಿಗೆ ಅದು ಗೊತ್ತು.

ವೇಸ್ಟೇಜನ್ನೇ ಬಿಡುವ, ಕಂತು ಕಟ್ಟಿದ ದಿನದ ದರದಲ್ಲಿ ಗ್ರಾಂ ಲೆಕ್ಕ ಬರೆದಿಡುವ ಪ್ರಾಮಾಣಿಕ ಯೋಜನೆಗಳೂ ಇವೆ, ಅವುಗಳಲ್ಲಿ ಗಿರಾಕಿಗೆ ನಿಜವಾದ ಲಾಭವಿದೆ. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಕೊನೆಯ ಬಿಲ್ಲಿನಲ್ಲಿ. ‘ಇಂತಿಷ್ಟು ಶೇಕಡಾದವರೆಗೆ ವೇಸ್ಟೇಜ್ ಇಲ್ಲ’ ಎಂಬ ಸಾಲಿನ ಕೆಳಗೆ, ಆ ಶೇಕಡಾದೊಳಗೆ ಬರುವ ಒಡವೆಗಳು ಯಾವುವು ಎಂದು ಬರೆದಿರುವುದಿಲ್ಲ. ಕಾಯಿಲೆಯೋ ಕೆಲಸ ಹೋದದ್ದೋ ಕಾರಣವಾಗಿ ಎಂಟನೇ ಕಂತಿಗೆ ನಿಲ್ಲಿಸಿದವರಿಗೆ ಬೋನಸ್ಸು ಹೋಗುತ್ತದೆ, ದುಡ್ಡು ವಾಪಸು ಕೊಡುವುದಿಲ್ಲ, ಒಡವೆಯನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಹಾಲ್‌ಮಾರ್ಕ್ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. 2023ರ ಏಪ್ರಿಲ್ 1ರಿಂದ ಆರು ಅಂಕಿ-ಅಕ್ಷರಗಳ ಗುರುತಿಲ್ಲದ ಹೊಸ ಒಡವೆ ಮಾರುವಂತಿಲ್ಲ. ಚಿನ್ನದ ಶುದ್ಧತೆಗೆ ಸಿಕ್ಕ ಈ ಕಾವಲು ವೇಸ್ಟೇಜಿನ ಲೆಕ್ಕಕ್ಕೆ ಇನ್ನೂ ಸಿಕ್ಕಿಲ್ಲ.

ಕೋಲಾರದಲ್ಲಿ ಹಾಲಿನ ಮಾತಿಲ್ಲದೆ ಯಾವ ಲೆಕ್ಕವೂ ಪೂರ್ತಿಯಾಗದು. 2024ರ ಜೂನ್ ಕೊನೆಯಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿ ಲೀಟರ್ ಹಾಲು ಸೇರಿತು, ಬೆಲೆ ₹2 ಏರಿತು. ನೀಲಿ ಪ್ಯಾಕೆಟ್ಟಿನ ಅರ್ಧ ಲೀಟರು 550 ಮಿಲಿ ಲೀಟರ್ ಆಗಿ ₹24 ಆಯಿತು. 2025ರ ಏಪ್ರಿಲ್ 1ರಂದು ಆ 50 ಮಿಲಿ ಲೀಟರ್ ಹೋಯಿತು, ₹24 ಉಳಿಯಿತು. ಇದನ್ನು ಮೋಸವೆಂದು ಕರೆಯುವುದು ತಪ್ಪು. ಹಾಲು ಮಹಾಮಂಡಳ ಎರಡೂ ಸಲ ಬಹಿರಂಗವಾಗಿ ಹೇಳಿಯೇ ಮಾಡಿತು, ಎರಡನೆಯ ಸಲ ಏರಿಸಿದ ಲೀಟರಿಗೆ ₹4 ರೈತರಿಗೇ ಹೋಗುತ್ತದೆಂದು ಸರ್ಕಾರವೂ ಹೇಳಿತು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರುವ ಮನೆಯವರು ಈ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲೂ ಇರುವುದರಿಂದ ಇಲ್ಲಿ ಆ ಮಾತಿಗೆ ಬೆಲೆಯೂ ಇದೆ. ಆದರೆ ಬೇಡ ಎನ್ನುವ ಅವಕಾಶವಿಲ್ಲದೆ ಬಂದ ಕೊಸರು ಹೇಗೆ ಬೆಲೆಯ ಮೆಟ್ಟಿಲಾಗುತ್ತದೆ ಎಂಬುದಕ್ಕೆ ಎಲ್ಲರ ಅಡುಗೆಮನೆಯಲ್ಲೂ ನಡೆದ ಉದಾಹರಣೆ ಇದು.

ಕೊಡುಗೆಯ ಹೆಸರಲ್ಲಿ ಗಿರಾಕಿಯಿಂದಲೇ ದುಡ್ಡು ತೆಗೆಯುವುದು ಅನುಚಿತ ವ್ಯಾಪಾರ ಎಂಬ ತಿಳಿವಳಿಕೆ ನಮ್ಮ ಕಾನೂನಿಗೆ ಹೊಸದಲ್ಲ. 1984ರಲ್ಲಿ ಏಕಸ್ವಾಮ್ಯ ತಡೆಯುವ ಎಂಆರ್‌ಟಿಪಿ ಕಾಯ್ದೆಗೆ ಆ ಅಧ್ಯಾಯ ಸೇರಿತು, 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬಂತು, 2019ರ ಕಾಯ್ದೆಯಲ್ಲೂ ಉಳಿದಿದೆ. ಕೊಡುವ ಮನಸ್ಸಿಲ್ಲದೆ ಉಡುಗೊರೆ ಘೋಷಿಸುವುದು, ಬೆಲೆಯಲ್ಲೇ ಸೇರಿಸಿಕೊಂಡದ್ದನ್ನು ಉಚಿತ ಎನ್ನುವುದು, ಬಹುಮಾನದ ಅಂತಿಮ ಫಲಿತಾಂಶ ಮುಚ್ಚಿಡುವುದು ಎಲ್ಲವೂ ಅದರ ವ್ಯಾಖ್ಯೆಯೊಳಗಿವೆ. ಸೋಲುವುದು ರುಜುವಾತಿನಲ್ಲಿ. ಹಾರ್ಲಿಕ್ಸ್ ಬಾಟಲಿಯೊಳಗೆ ಬಹುಮಾನದ ಚೀಟಿ ಇಟ್ಟು ಮಾರಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1998ರಲ್ಲಿ ಕಂಪನಿಯ ಪರವಾಗಿ ತೀರ್ಮಾನವಾಯಿತು. ಚೀಟಿಯ ಕಾರಣದಿಂದ ಬೆಲೆ ಏರಿದೆ ಎಂದು ತೋರಿಸಲು ಆಗಲಿಲ್ಲ. 2007ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ನೋಡುತ್ತಾ ಮನೆಯಿಂದಲೇ ಉತ್ತರ ಕಳಿಸಿದವರು ಒಂದು ಎಸ್‌ಎಂಎಸ್‌ಗೆ ₹2.40 ತೆತ್ತರು. ಬಹುಮಾನದ ದುಡ್ಡು ಅದರಿಂದಲೇ ಬಂತು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ವಾಹಿನಿ ಮತ್ತು ಮೊಬೈಲ್ ಕಂಪನಿಗೆ ₹1 ಕೋಟಿ ದಂಡ ಹಾಕಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅಳಿಸಿತು, ಸಾಕ್ಷ್ಯ ಸಾಲದೆಂದು. ಉಚಿತದ ಒಳಗಿನ ಬೆಲೆ ಎಷ್ಟು ಎಂಬ ಲೆಕ್ಕ ಇರುವುದು ಕಂಪನಿಯ ಪುಸ್ತಕದಲ್ಲಿ. ಅದನ್ನು ಸಾಬೀತು ಮಾಡುವ ಹೊರೆ ಆ ಪುಸ್ತಕವನ್ನೇ ಕಾಣದ ಗ್ರಾಹಕನ ಮೇಲೆ. ಈ ಅಡಚಣೆ ನಿವಾರಣೆಯಾಗದೆ ಇಂಥ ಪ್ರಕರಣಗಳು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಈಚಿನ ದೊಡ್ಡ ಪ್ರಕರಣ ಬೆಂಗಳೂರಿನದೇ. ದಿನವೂ ರೈಲು ಹತ್ತಿ ಮಾಲೂರು, ಬಂಗಾರಪೇಟೆಯಿಂದ ರಾಜಧಾನಿಗೆ ಹೋಗುವವರು ಸ್ಟೇಷನ್ನಿನಿಂದ ಮುಂದಕ್ಕೆ ಆ್ಯಪಿನಲ್ಲಿ ಆಟೊ ಹುಡುಕುತ್ತಾರೆ. ‘5 ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ ₹50’ ಎಂದು ರಾಪಿಡೋ ಜಾಹೀರಾತು ಕೊಟ್ಟಿತು. 120ಕ್ಕೂ ಹೆಚ್ಚು ನಗರಗಳಲ್ಲಿ ಸುಮಾರು 548 ದಿನ ಅದು ಓಡಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತನಿಖೆ ಮಾಡಿದಾಗ ಬಯಲಾದದ್ದು ಇಷ್ಟು: ಅದು ₹50 ಆಗಿರಲಿಲ್ಲ, ‘₹50ರವರೆಗೆ’ ಆಗಿತ್ತು. ದುಡ್ಡಾಗಿರಲಿಲ್ಲ, ‘ರಾಪಿಡೋ ಕಾಯಿನ್’ ಆಗಿತ್ತು. ಆ ಕಾಯಿನ್ನು ಬೈಕ್ ಸವಾರಿಗೆ ಮಾತ್ರ ನಡೆಯುತ್ತಿತ್ತು, ಏಳೇ ದಿನ ಬದುಕುತ್ತಿತ್ತು. ಆಟೊಗೆ ಕಾದು ಬೇಸತ್ತವರಿಗೆ ವಾರದೊಳಗೆ ಅದೇ ಕಂಪನಿಯ ಬೈಕು ಹತ್ತಿದರೆ ಪರಿಹಾರ. ಷರತ್ತು ಅನ್ವಯ ಎಂಬ ಸಾಲು ಕಣ್ಣಿಗೆ ಕಾಣದಷ್ಟು ಸಣ್ಣದಿತ್ತು. 2025ರ ಆಗಸ್ಟ್‌ನಲ್ಲಿ ಪ್ರಾಧಿಕಾರ ₹10 ಲಕ್ಷ ದಂಡ ಹಾಕಿ, ಕೊಡುಗೆಯಂತೆ ಹಣ ಸಿಗದವರಿಗೆಲ್ಲ ಪೂರ್ತಿ ₹50 ಕೊಡಲು ಆದೇಶಿಸಿತು.

ಆದೇಶ ಒಳ್ಳೆಯದು, ದಂಡ ಸಣ್ಣದು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೆ ಕಾನೂನು ಹೇಳುವ ಗರಿಷ್ಠವೇ ₹10 ಲಕ್ಷ, ಮತ್ತೆ ಮಾಡಿದರೆ ₹50 ಲಕ್ಷ. ನೂರಿಪ್ಪತ್ತು ನಗರಗಳಲ್ಲಿ ಒಂದೂವರೆ ವರ್ಷ ಓಡಿದ ಜಾಹೀರಾತಿನ ಖರ್ಚಿನ ಮುಂದೆ ಈ ಮೊತ್ತಕ್ಕೆ ಕಂಪನಿಗಳು ಹೆದರುವುದಿಲ್ಲ. ಅವರು ಹೆದರುವುದು ಎರಡನೆಯ ಭಾಗಕ್ಕೆ, ಎಂದರೆ ಗ್ರಾಹಕರಿಗೆ ಹಣ ಹಿಂದಿರುಗಿಸುವ ಆಜ್ಞೆಗೆ. ಅದಕ್ಕಿಂತ ಹತ್ತು ತಿಂಗಳು ಮುಂಚೆ, 2024ರ ಅಕ್ಟೋಬರ್‌ನಲ್ಲಿ, ಇನ್ನೊಂದು ಬೆಂಗಳೂರು ಕಂಪನಿ ಓಲಾಕ್ಕೂ ಪ್ರಾಧಿಕಾರ ಇಂಥದೇ ಮಾತು ಹೇಳಿತ್ತು. ಸವಾರಿ ಕೆಟ್ಟರೆ ಓಲಾ ಮುಂದಿನ ಸವಾರಿಯ ಕೂಪನ್ ಕೊಡುತ್ತಿತ್ತೇ ಹೊರತು ಬ್ಯಾಂಕ್ ಖಾತೆಗೆ ಹಣ ಹಾಕುವ ಆಯ್ಕೆ ಕೊಡುತ್ತಿರಲಿಲ್ಲ. ಎರಡರಲ್ಲಿ ಯಾವುದು ಬೇಕೋ ಅದನ್ನು ಗ್ರಾಹಕರೇ ಆರಿಸಲಿ ಎಂದು ಆದೇಶವಾಯಿತು. ಇನ್ನೂ ಸಣ್ಣದೊಂದು ಉಂಟು. ನಾಗಸಂದ್ರದ ಐಕಿಯಾ ಮಳಿಗೆಯಲ್ಲಿ ಕಂಪನಿಯ ಹೆಸರು ಅಚ್ಚಾಗಿದ್ದ ಕೈಚೀಲಕ್ಕೆ ₹20 ಕೇಳಿದ್ದಕ್ಕೆ ಗ್ರಾಹಕಿಯೊಬ್ಬರು ದೂರು ಕೊಟ್ಟರು. 2023ರಲ್ಲಿ ಬೆಂಗಳೂರಿನ ಗ್ರಾಹಕ ಆಯೋಗ ಆ ₹20ಕ್ಕೆ ಬಡ್ಡಿ ಸೇರಿಸಿ ಹಿಂದಿರುಗಿಸಿ, ಪರಿಹಾರ ಮತ್ತು ಖರ್ಚೆಂದು ₹3,000 ಕೊಡಿ ಎಂದಿತು. ಅಂಗಡಿಯ ಜಾಹೀರಾತನ್ನು ಹೊತ್ತು ಊರೆಲ್ಲ ತಿರುಗುವವರು ಅದಕ್ಕೆ ತಾವೇ ದುಡ್ಡು ಕೊಡಬೇಕೇ ಎಂಬ ಪ್ರಶ್ನೆ ಸರಿಯಾಗಿಯೇ ಇತ್ತು.

ಕಂತಿನ ವ್ಯಾಪಾರದಲ್ಲಿ ‘ಸೊನ್ನೆ ಬಡ್ಡಿ’ ಎಂಬ ಮಾತನ್ನು ರಿಸರ್ವ್ ಬ್ಯಾಂಕು 2013ರಲ್ಲೇ ತಡೆಯಿತು. ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಅಡಗಿಸುವ ಯೋಜನೆ ಅದೆಂದು ಸ್ಪಷ್ಟವಾಗಿ ಬರೆಯಿತು. ಹೆಸರು ಬದಲಾಗಿ ‘ನೋ ಕಾಸ್ಟ್ ಇಎಂಐ’ ಬಂದಿದೆ. ಅಲ್ಲಿ ಬಡ್ಡಿಯಷ್ಟು ರಿಯಾಯಿತಿ ಕೊಟ್ಟರೂ ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ಕೊಳ್ಳುವವರ ತಲೆಗೇ. ಕ್ರೆಡಿಟ್ ಕಾರ್ಡಿನ ಪಾಯಿಂಟುಗಳ ಕಥೆಯೂ ಹೀಗೇ. ಪಾಯಿಂಟ್ ಒಂದಕ್ಕೆ 25 ಪೈಸೆ ಬೆಲೆಯ ಕಾರ್ಡುಗಳು ಹಲವಿವೆ, ಅವನ್ನು ವಸ್ತುವಾಗಿ ಬದಲಿಸಿಕೊಳ್ಳಲು ₹99 ಶುಲ್ಕ ಹಾಕುವವೂ ಇವೆ. ಕೇಳದೆ ಕಾರ್ಡು ಕಳಿಸಿ ಶುಲ್ಕ ಹಾಕಿದರೆ ಆ ಶುಲ್ಕವನ್ನು ತೆಗೆದುಹಾಕಿ ಅದರ ಎರಡರಷ್ಟನ್ನು ದಂಡವಾಗಿ ಗ್ರಾಹಕರಿಗೆ ಕೊಡಬೇಕು, ಕಾರ್ಡು ಮುಚ್ಚಲು ಹೇಳಿ ಏಳು ಕೆಲಸದ ದಿನ ಕಳೆದರೂ ಮುಚ್ಚದಿದ್ದರೆ ದಿನಕ್ಕೆ ₹500 ಕೊಡಬೇಕು ಎಂದು 2022ರ ನಿರ್ದೇಶನ ಹೇಳುತ್ತದೆ. ಕಾರ್ಡು ಹಿಡಿದವರಲ್ಲಿ ಇದನ್ನು ಬಲ್ಲವರು ಕಡಿಮೆ.

ಕಂತಿನ ಕಷ್ಟವನ್ನು ಈ ಜಿಲ್ಲೆ ಒಮ್ಮೆ ಕಟುವಾಗಿ ಉಂಡಿದೆ. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಅಂಜುಮನ್ ಸಮಿತಿ ಮುಸ್ಲಿಂ ಹೆಣ್ಣುಮಕ್ಕಳಿಗೆ ಮೈಕ್ರೋಫೈನಾನ್ಸ್ ಕಂತು ಕಟ್ಟಬೇಡಿ ಎಂದು ಕರೆ ಕೊಟ್ಟಿತು. ಬೆಂಕಿ ಶಿಡ್ಲಘಟ್ಟ, ರಾಮನಗರ, ಮೈಸೂರಿಗೂ ಹರಡಿತು. ರೇಷ್ಮೆಯ ಕಸುಬು ಕುಸಿದಿತ್ತು, ಒಂದೇ ಮನೆಗೆ ನಾಲ್ಕೈದು ಸಂಸ್ಥೆಗಳು ಸಾಲ ಕೊಟ್ಟಿದ್ದವು. ಅಲ್ಲಿಯೂ ಆಮಿಷ ನಿಷ್ಠೆಯದೇ. ಒಂದು ಸುತ್ತು ತಪ್ಪದೆ ಕಟ್ಟಿದರೆ ಮುಂದಿನ ಸುತ್ತಿಗೆ ಇನ್ನೂ ದೊಡ್ಡ ಸಾಲ. ₹10,000ಕ್ಕೆ ‘ಬರೀ ಶೇ 12’ ಎಂದು ಹೇಳಿ ವಾರಕ್ಕೆ ₹224ರಂತೆ ಐವತ್ತು ವಾರ ಕಟ್ಟಿಸಿಕೊಂಡರೆ, ಅಸಲು ವಾರವಾರವೂ ತೀರುತ್ತಾ ಬರುವುದರಿಂದ ನಿಜವಾದ ಬಡ್ಡಿ ಶೇ 24ರ ಆಸುಪಾಸು ಬೀಳುತ್ತದೆ. ಮುಂದಿನ ವರ್ಷ ಆಂಧ್ರದಲ್ಲಿ ಇದೇ ಸಂಕಟ ದೊಡ್ಡದಾಗಿ ಒಡೆಯಿತು. ರಿಸರ್ವ್ ಬ್ಯಾಂಕಿನ ಮಾಲೆಗಾಂ ಸಮಿತಿ ಕೂತಿತು. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ವಿಮೆಯ ಕಂತು ಈ ಮೂರನ್ನು ಬಿಟ್ಟು ಬೇರೇನನ್ನೂ ವಸೂಲು ಮಾಡಬಾರದು, ಭದ್ರತಾ ಠೇವಣಿ ಕೂಡದು ಎಂಬ ನಿಯಮ 2011ರಲ್ಲಿ ಬಂತು. ಕೋಲಾರದ ಹೆಣ್ಣುಮಕ್ಕಳು ಎರಡು ವರ್ಷ ಮೊದಲೇ ಎತ್ತಿದ್ದ ಕೂಗು ಅದು.

ಬೇರೆ ದೇಶಗಳಲ್ಲಿ ಈ ರೋಗಕ್ಕೆ ಹೆಸರೇ ಇದೆ. ಬ್ರಿಟನ್ನಿನಲ್ಲಿ ಅದನ್ನು ‘ನಿಷ್ಠೆಯ ದಂಡ’ ಎನ್ನುತ್ತಾರೆ. ಅಲ್ಲಿನ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ 2018ರಲ್ಲಿ ಕೊಟ್ಟ ದೂರಿನ ಪ್ರಕಾರ ಮೊಬೈಲ್, ಬ್ರಾಡ್‌ಬ್ಯಾಂಡ್, ಮನೆ ವಿಮೆ, ಗೃಹಸಾಲ, ಉಳಿತಾಯ ಈ ಐದರಲ್ಲೇ ಹಳೆಯ ಗಿರಾಕಿಗಳು ವರ್ಷಕ್ಕೆ 410 ಕೋಟಿ ಪೌಂಡ್ ಹೆಚ್ಚಿಗೆ ತೆರುತ್ತಿದ್ದರು. 2022ರ ಜನವರಿ 1ರಿಂದ ಮನೆ ಮತ್ತು ವಾಹನ ವಿಮೆಯಲ್ಲಿ ಹಳಬರಿಗೆ ಹೊಸಬರಿಗಿಂತ ಹೆಚ್ಚು ಕಂತು ಹಾಕುವಂತಿಲ್ಲ ಎಂದು ನಿಯಮವಾಯಿತು. ಅಮೆರಿಕದಲ್ಲಿ 2023ರ ಜುಲೈನಲ್ಲಿ ಬ್ಯಾಂಕ್ ಆಫ್ ಅಮೆರಿಕ ಸಿಕ್ಕಿಬಿದ್ದದ್ದು ಎರಡೂ ಕಡೆಯಿಂದ: ಕಾರ್ಡು ಕೊಡುವಾಗ ಹೇಳಿದ ಬೋನಸ್ಸನ್ನು ಹಲವರಿಗೆ ಕೊಡಲಿಲ್ಲ, ಹಣವಿಲ್ಲದೆ ಹಿಂದಿರುಗಿದ ಒಂದೇ ಪಾವತಿಗೆ ಮತ್ತೆ ಮತ್ತೆ 35 ಡಾಲರ್ ಕಿತ್ತಿತು. ಗ್ರಾಹಕರಿಗೆ 10 ಕೋಟಿ ಡಾಲರ್ ಹಿಂದಿರುಗಿಸಬೇಕಾಯಿತು, ದಂಡ ಬೇರೆ 15 ಕೋಟಿ. ನಮ್ಮಲ್ಲಿ ಗೃಹಸಾಲದವರ ಪಾಡು ಬ್ರಿಟನ್ನಿನದನ್ನೇ ಹೋಲುತ್ತದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾದವು, ದರ ಇಳಿದಾಗ ಕಂತು ಬೇಗ ಇಳಿಯತೊಡಗಿತು. ಹಳೆಯ ಪದ್ಧತಿಯಲ್ಲಿದ್ದವರು ತಾವಾಗಿ ಹೋಗಿ ಅರ್ಜಿ ಕೊಟ್ಟು, ಕೆಲವೆಡೆ ಶುಲ್ಕವನ್ನೂ ಕಟ್ಟಿ ಬದಲಿಸಿಕೊಳ್ಳಬೇಕು. ಹೀಗೊಂದು ದಾರಿಯಿದೆ ಎಂದು ಬ್ಯಾಂಕಿನಿಂದ ಫೋನು ಬಂದವರು ಅಪರೂಪ.

ಗಿರಾಕಿಯ ನಿಷ್ಠೆಯ ಮೇಲೆ ಕಳ್ಳರಿಗೂ ಕಣ್ಣು ಬಿದ್ದಿದೆ. ‘ನಿಮ್ಮ ರಿವಾರ್ಡ್ ಪಾಯಿಂಟ್ ₹9,980 ಇವತ್ತೇ ಮುಗಿಯುತ್ತದೆ’ ಎಂದು ಸ್ಟೇಟ್ ಬ್ಯಾಂಕಿನ ಹೆಸರಲ್ಲಿ ವಾಟ್ಸ್‌ಆ್ಯಪಿಗೆ ಬಂದ ಸಂದೇಶ ಸುಳ್ಳೆಂದು 2024ರಲ್ಲಿ ಕೇಂದ್ರ ವಾರ್ತಾ ಶಾಖೆ ಎಚ್ಚರಿಸಿತು. ಅದರೊಡನೆ ಬಂದ ಎಪಿಕೆ ಕಡತ ಒತ್ತಿದರೆ ಫೋನೇ ಕಳ್ಳರ ಕೈಗೆ ಹೋಗುತ್ತದೆ. ಹಳೆಯ ವಿಮೆಯ ಬೋನಸ್ ಬಾಕಿಯಿದೆ, ಬಿಡಿಸಿಕೊಳ್ಳಲು ಮೊದಲು ಇಷ್ಟು ಕಟ್ಟಿ ಎಂಬ ಕರೆಗಳ ಬಗ್ಗೆ ವಿಮಾ ಪ್ರಾಧಿಕಾರವೂ ಮತ್ತೆ ಮತ್ತೆ ಹೇಳುತ್ತಿದೆ: ತಾನು ಬೋನಸ್ ಘೋಷಿಸುವುದಿಲ್ಲ, ಪಾಲಿಸಿ ಮಾರುವುದಿಲ್ಲ ಎಂದು. ಈ ಮೋಸ ನಾಟುವುದಕ್ಕೆ ಕಾರಣ, ನಿಜವಾದ ಕಂಪನಿಗಳೇ ಇಂಥ ಭಾಷೆಯನ್ನು ವರ್ಷಗಟ್ಟಲೆ ಜನರ ಕಿವಿಗೆ ರೂಢಿ ಮಾಡಿಸಿರುವುದು. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ತಡೆಹಿಡಿಯುವ ಅವಕಾಶ ಉಂಟು.

ಉಳಿದ ದೂರುಗಳಿಗೆ ಕೋಲಾರದವರು ಬೆಂಗಳೂರಿಗೋ ಮುಂಬೈಗೋ ಹೋಗಬೇಕಿಲ್ಲ. ಕಂಪನಿಯ ಕಚೇರಿ ಎಲ್ಲೇ ಇರಲಿ, ದೂರುದಾರರು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು ಎಂಬುದು 2019ರ ಕಾಯ್ದೆ ತಂದ ದೊಡ್ಡ ಬದಲಾವಣೆ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು 14448. ಹೆಚ್ಚು ಜನಕ್ಕೆ ತಿಳಿಯದ ಇನ್ನೊಂದು ಬಾಗಿಲು ಜಿಲ್ಲಾಧಿಕಾರಿ ಕಚೇರಿಯಲ್ಲೇ ಇದೆ. ಗ್ರಾಹಕರ ಗುಂಪಿಗೇ ಆದ ಅನ್ಯಾಯದ ಬಗ್ಗೆ ಜಿಲ್ಲಾಧಿಕಾರಿಗೆ ದೂರು ಕೊಡಬಹುದು, ಅವರು ವಿಚಾರಣೆ ಮಾಡಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು ಎಂದು ಕಾಯ್ದೆಯ 16 ಮತ್ತು 17ನೇ ಕಲಮುಗಳು ಹೇಳುತ್ತವೆ. ಒಬ್ಬರ ₹20ಕ್ಕೆ ಯಾರೂ ಆಯೋಗದ ಮೆಟ್ಟಿಲು ಹತ್ತಲಿಕ್ಕಿಲ್ಲ. ಒಂದು ಶಾಖೆಯ ಸಾವಿರ ಖಾತೆಗಳಲ್ಲಿ ಒಪ್ಪಿಗೆಯಿಲ್ಲದೆ ಕಡಿತವಾಗಿದ್ದರೆ ಈ ಬಾಗಿಲನ್ನೇ ತಟ್ಟಬೇಕು.

ಭಾಷೆಯ ಮಾತು ಉಳಿದಿದೆ. 2024ರ ಅಕ್ಟೋಬರ್‌ನಿಂದ ಎಲ್ಲ ಚಿಲ್ಲರೆ ಸಾಲಗಳಿಗೂ ಮುಖ್ಯ ಸಂಗತಿಗಳ ಪತ್ರ ಕಡ್ಡಾಯ. ಬಡ್ಡಿ, ಶುಲ್ಕ ಎಲ್ಲ ಸೇರಿದ ವಾರ್ಷಿಕ ದರ ಒಂದೇ ಕಡೆ ಇರಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರಲ್ಲಿಲ್ಲದ ಶುಲ್ಕವನ್ನು ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಮನೆಯಲ್ಲಿ ತೆಲುಗು ಮಾತಾಡಿ ಕನ್ನಡದಲ್ಲಿ ಓದು ಬರಹ ಕಲಿತವರು ತುಂಬಿರುವ ಈ ಗಡಿ ಜಿಲ್ಲೆಯಲ್ಲಿ ಆ ನಿಯಮದ ಬೆಲೆ ದೊಡ್ಡದು. ಇದೇ ಒಂದು ಪುಟದ ಪತ್ರ ಉಳಿತಾಯ ಖಾತೆಗೂ, ಮೊಬೈಲ್ ರೀಚಾರ್ಜಿಗೂ, ಒಡವೆಯ ಕಂತಿನ ಪುಸ್ತಕಕ್ಕೂ ಬರಬೇಕು. ಅದು ಬರುವವರೆಗೆ ಜಿಲ್ಲೆಯಲ್ಲೇ ಆಗಬಹುದಾದ ಕೆಲಸ ಒಂದಿದೆ. ಮೂರು ತಿಂಗಳಿಗೊಮ್ಮೆ ನಡೆಯುವ ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಎಷ್ಟು ಸಾಲ ಕೊಟ್ಟಿರಿ, ಎಷ್ಟು ಖಾತೆ ತೆರೆದಿರಿ ಎಂಬ ಲೆಕ್ಕ ಕೇಳುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಖೆಗಳಲ್ಲಿ ಆ ಮೂರು ತಿಂಗಳಲ್ಲಿ ಯಾವ ಯಾವ ಹೆಸರಿನಲ್ಲಿ ಎಷ್ಟೆಷ್ಟು ಕಡಿತ ಮಾಡಿದಿರಿ ಎಂಬ ಪಟ್ಟಿಯನ್ನೂ ಅದೇ ಸಭೆ ಕೇಳಲಿ, ಕನ್ನಡದಲ್ಲಿ ಅಚ್ಚು ಹಾಕಿಸಿ ಶಾಖೆಯ ಬಾಗಿಲಲ್ಲಿ, ಆ ಎಂಟ್ರಿ ಯಂತ್ರದ ಪಕ್ಕದಲ್ಲೇ ತೂಗುಹಾಕಿಸಲಿ.